ವೆರ್ನೊಂ ಇಂಜಿನ್ ಕಿರುಚದೆ ಉರಿದ ದಿನ

ವೆರ್ನೊಂ, ಫ್ರಾನ್ಸ್
ನವೆಂಬರ್ 14, 1953

ಮುದ್ದಿನ ರೆಮಿಗೆ ಅಮ್ಮನ ಸಾವಿರ ಮುತ್ತುಗಳು.

ಹೇಗಿದ್ದೀಯ ಕಂದಾ? ಸಹಾರಾದ ಮರಳು ಬಿದ್ದು ಕಣ್ಣು ಕೆಂಪಾಗಿದೆ ಎಂದು ಬರೆದಿದ್ದೆಯಲ್ಲ, ವಾಸಿಯಾಯಿತೇ? ಸೈನ್ಯದ ಊಟ ರುಚಿಯಿಲ್ಲವೆಂದು ಹೊಟ್ಟೆಗೆ ಮೋಸ ಮಾಡಬೇಡ. ನನ್ನ ಮಂಡಿನೋವು ಹಾಗೇ ಇದೆ, ನಾಲಿಗೆ ಮಾತ್ರ ಗಟ್ಟಿಯಾಗಿದೆ. ನಿನ್ನನ್ನು ಒಂದು ಮಾತು ಕೇಳುವುದಿದೆ. ನೀನು ಬೇಡವೆಂದರೆ ಅದು ಅಲ್ಲಿಗೇ ಮುಗಿಯಿತು. ಕೇಳುವ ಧೈರ್ಯ ಬರುವವರೆಗೆ ಊರಿನ ಸುದ್ದಿ ಓದು.

ನಿನ್ನೆ ಕಾಡಿನ ಪರೀಕ್ಷಾ ಕಟ್ಟೆಯಲ್ಲಿ ನಮ್ಮ ರಾಕೆಟ್ ಇಂಜಿನ್ ಕೊನೆಯವರೆಗೂ ಉರಿಯಿತು! ನೀನೂ ಕೇಳಿದ್ದೀಯಲ್ಲ, ಮೊದಲೆಲ್ಲ ಗುಡುಗಿನಂತೆ ಶುರುವಾಗಿ, ಹಂದಿ ಕೊಯ್ದ ಹಾಗೆ ಕಿರುಚಿ, ಢಂ ಎಂದು ಒಡೆಯುತ್ತಿತ್ತು. ಆಮೇಲೆ ಇಂಧನದ ಜೊತೆ ಸುರಿಯುವ ಆಮ್ಲ ಸಿಡಿದು ತೂತಾದ ಬಟ್ಟೆಗಳು ನನ್ನ ಲಾಂಡ್ರಿಗೆ ಬರುತ್ತಿದ್ದವು. ನಿನ್ನೆ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ಕಿವಿಗೊಟ್ಟು ನಿಂತೆ. ಕಿಟಕಿಯ ಗಾಜುಗಳು ಗಲಗಲ ಎಂದವು, ಕಿರುಚಾಟ ಬರಲೇ ಇಲ್ಲ. ಕಸಾಯಿ ಅಂಗಡಿಯ ಕ್ಲೋತಿಲ್ದ್ ಬೀದಿಗೆ ಓಡಿಬಂದು "ನಮ್ದು ಕಣ್ರೇ, ನಮ್ ವೆರ್ನೊಂದು!" ಎಂದು ಕೂಗಿದಳು. ಇವಳೇ ಹಿಂದೆ "ನಿನ್ ಗಂಡನ್ನ ಯುದ್ಧದಲ್ಲಿ ಕೊಂದ ಜರ್ಮನ್ನೋರ ಬಟ್ಟೆ ಒಗೀತೀಯಲ್ಲೇ, ನಾಚ್ಕೆ ಆಗಲ್ವಾ?" ಎಂದವಳು. "ಕೊಳೆಗೆ ಯಾವ ದೇಶವೇ?" ಎಂದು ಬಾಯಿ ಮುಚ್ಚಿಸಿದ್ದೆ. ಆದರೂ ಅಂದು ನಿನ್ನ ಅಪ್ಪನ ಪಟದ ಮುಂದೆ ಅತ್ತಿದ್ದೆ.

ಯುದ್ಧದ ನಂತರ ನಮ್ಮ ಸರ್ಕಾರವೇ ಕರೆತಂದ ಜರ್ಮನ್ ಇಂಜಿನಿಯರುಗಳಲ್ಲಿ ಏವಾಲ್ಟ್ ಎಂಬವರಿದ್ದಾರೆ. ಮೊದಮೊದಲು ಅವರು ಬಟ್ಟೆ ತಂದರೆ ಬೇಕೆಂದೇ ಎಲ್ಲರಿಗಿಂತ ಕೊನೆಗೆ ವಿಚಾರಿಸುತ್ತಿದ್ದೆ. ಟೋಪಿ ಕೈಯಲ್ಲಿ ಹಿಡಿದು ಸುಮ್ಮನೆ ಕಾಯುತ್ತಿದ್ದರು. ಒಮ್ಮೆ "ಇದು ಪ್ಯಾಂಟೋ ಜರಡಿಯೋ?" ಎಂದು ರೇಗಿದೆ. "ಇಂಜಿನ್ ಸರಿಹೋಗ್ಲಿ ಅಮ್ಮಾವ್ರೇ, ತೂತಿಲ್ದಿರೋದು ತರ್ತೀನಿ" ಎಂದು ತಡವರಿಸುತ್ತ ಹೇಳಿದರು. ನಕ್ಕುಬಿಟ್ಟೆ. ಆ ಕಿರುಚಾಟ ನಿಲ್ಲಿಸಲು ಇಂಜಿನ್ ಒಳಗೆ ಇಂಧನ ಸಿಂಪಡಿಸುವ ತಟ್ಟೆಯನ್ನು ಬದಲಾಯಿಸಿ ಬದಲಾಯಿಸಿ ಆ ಮನುಷ್ಯ ತಲೆಗೂದಲೆಲ್ಲ ಬೆಳ್ಳಗೆ ಮಾಡಿಕೊಂಡರು, ಕೊನೆಗೂ ಗೆದ್ದರು. ನಿನ್ನೆ ಸಂಜೆ ಅಂಗಡಿಗೆ ಬಂದಾಗ ಮೊದಲು ಅವರನ್ನೇ ಕರೆದೆ. ಸಾಲಿನಲ್ಲಿದ್ದವರು ಯಾರೂ ಗೊಣಗಲಿಲ್ಲ. ನನಗಾದ ಹೆಮ್ಮೆ ನಿನ್ನ ಮೊದಲ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದ ದಿನವೂ ಆಗಿರಲಿಲ್ಲ, ಸಿಟ್ಟಾಗಬೇಡ.

ಇಂಜಿನ್ ಇನ್ನು ಹಾರಲು ನಿಮ್ಮ ಮರಳುಗಾಡಿಗೇ ಬರುತ್ತದೆ. ಅದರ ಕಾವಲಿಗೆ ಹಾಕಿದರೆ ಎದೆಯುಬ್ಬಿಸಿ ನಿಲ್ಲು, ಅದು ನಿನ್ನ ಊರಿನದು.

ಮೇರಿಮಾತೆ ನಿನ್ನ ತಲೆ ಕಾಯಲಿ.

ನಿನ್ನ ಅಮ್ಮ,
ಆರ್ಮಾಂದ್

ತಾ.ಕ.: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ಇಂಜಿನ್ ಜೊತೆ ಏವಾಲ್ಟ್ ಕೂಡ ಬರುತ್ತಿದ್ದಾರೆ. ನನ್ನನ್ನು ಮದುವೆಯಾಗಲು ನಿನ್ನ ಒಪ್ಪಿಗೆ ಕೇಳುತ್ತಾರೆ. ನನಗೆ ಇಷ್ಟವಿದೆ ಮಗಾ. ನಮ್ಮ ಭಾಷೆಯಲ್ಲಿ ಅವರು ಬಹಳ ತಡವರಿಸುತ್ತಾರೆ. ಮಾತು ಮುಗಿಯುವವರೆಗಾದರೂ ಕೈ ಎತ್ತಬೇಡ.