ಭಾನುವಾರದ ಊಟ

ಅಕ್ಕ,

ಈ ಸಲದ ಪೊರೆ ಗೆದ್ದಿತು. ಸುಟ್ಟ ಗಾಯದ ಮೇಲೆ ಹೊಸ ಚರ್ಮ ಬೆಳೆಸಲೆಂದು ಎರಡು ಪಾಲಿಮರ್ ಬೆರೆಸಿ, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗೆ ಮಾಡಿದ್ದೆವು. ಅದರ ಮೇಲೆ ಬಿಟ್ಟ ಜೀವಕೋಶಗಳು ಬದುಕುತ್ತವೆಯೇ ಎಂಬುದೇ ಪರೀಕ್ಷೆ. ಹಿಂದಿನ ಹನ್ನೊಂದು ಪೊರೆಗಳ ಮೇಲೆ ಮುದುಡಿ ಸತ್ತಿದ್ದವು. ಇವತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಲು ಚಾಚಿಕೊಂಡು ಹರಡಿದ್ದವು, ಚಿಕ್ಕಂದಿನಲ್ಲಿ ನೀನು ಹಾಸಿಗೆ ತುಂಬ ಮಲಗಿ ನನ್ನನ್ನು ಗೋಡೆಗೆ ಒತ್ತುತ್ತಿದ್ದ ಹಾಗೆ.

ಅವು ನಿನ್ನವೇ. ನಿನ್ನ ಮೊದಲ ಆಪರೇಷನ್ನಿನಲ್ಲಿ ಮಿಕ್ಕಿದ್ದ ಚೂರು ಚರ್ಮವನ್ನು ಕೇಳಿದಾಗ, ನೀನು ರುಜು ಹಾಕುತ್ತ ನಕ್ಕಿದ್ದೆ: "ತಗೊಳ್ಳೇ. ಚಿಕ್ಕೋಳಿದ್ದಾಗಿಂದ ಸುಲೀತಾನೇ ಇದ್ದೀಯಲ್ಲ."

ಕೊನೆಯ ಸಲ ಆಸ್ಪತ್ರೆ ಸೇರಿದಾಗ ನೀನು ಫೋನು ಮಾಡಿ, "ಭಾನುವಾರ ಆದ್ರೂ ಬಾರೇ" ಎಂದೆ.

"ಭಾನುವಾರ ಜೀವಕೋಶಗಳಿಗೆ ಊಟ ಬದಲಿಸ್ಬೇಕಕ್ಕ. ತಪ್ಪಿದ್ರೆ ಸತ್ತೋಗ್ತವೆ" ಎಂದೆ ನಾನು.

ಅವುಗಳ ಊಟ ಒಂದು ಭಾನುವಾರವೂ ತಪ್ಪಿಸಲಿಲ್ಲ. ನೀನು ಹೋಗಿ ಎಂಟು ತಿಂಗಳಾಯಿತು, ಈಗಲೂ ತಪ್ಪಿಸಿಲ್ಲ.

ಸಂಜೆ ಜೊತೆಯಲ್ಲಿ ಕೆಲಸ ಮಾಡುವಾಕೆ ಜೀವಕೋಶಗಳಿದ್ದ ಗಾಜಿನ ತಟ್ಟೆಯತ್ತ ಕೈ ಮಾಡಿ, "ಚೆನ್ನಾಗಿ ಹೊಂದ್ಕೊಂಡಿವೆ. ಪರೀಕ್ಷೆ ಮುಗೀತಲ್ಲ, ಬ್ಲೀಚ್ ಹಾಕಿ ಚೆಲ್ಲಿಬಿಡ್ಲಾ?" ಎಂದಳು. ಚೆಲ್ಲುವುದೇ ನಿಯಮ.

"ಇರ್ಲಿ ಬಿಡಿ" ಎಂದು ತಟ್ಟೆಯನ್ನು ಮತ್ತೆ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟೆ. ಅದರೊಳಗೆ ಯಾವಾಗಲೂ ಮೈಯ ಬಿಸಿಯೇ, ಮೂವತ್ತೇಳು ಡಿಗ್ರಿ. ಗ್ಲೌಸ್ ಕಳಚಿದ ಮೇಲೂ ಆ ಬಿಸಿ ಬೆರಳು ಬಿಡಲಿಲ್ಲ.

ನಾಳೆ ಭಾನುವಾರ. ಬರ್ತೀನಿ, ಅಕ್ಕ.