ವೆನಿಸ್‌ನಲ್ಲಿ ಕಳೆದ ಪಂಚಮಿ

ಡಾಕ್‌ಲ್ಯಾಂಡ್ಸ್, ಮೆಲ್ಬರ್ನ್
೧೭ ಆಗಸ್ಟ್ ೨೦೨೫

ಪ್ರೀತಿಯ ಅಣ್ಣನಿಗೆ ತಂಗಿ ಮಾಧುರಿಯ ಶರಣು.

ನಾವಿಬ್ಬರೂ ಆರಾಮ. ನೀನು ಮತ್ತು ಇಂಚರಾ ಹೇಗಿದ್ದೀರಿ? ಯುರೋಪಿನಿಂದ ಬಂದು ವಾರದ ಮೇಲಾಯಿತು, ಈಗ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಬಟ್ಟೆ ಒಗೆಯುವುದು, ಆಫೀಸು, ನಿದ್ದೆಗೇಡು ಅಂತ ನೆವ ಹೇಳಬಹುದು. ನಿಜವೆಂದರೆ ಏನು ಬರೆಯಬೇಕೆಂದು ತಿಳಿಯದೆ ಕೂತಿದ್ದೆ. ಫೋನ್ ಇರುವಾಗ ಕಾಗದದ ಹುಚ್ಚು ಯಾಕೆ ಅನ್ನುತ್ತೀಯೇನೋ. ಫೋನ್ ಮಾಡಿದರೆ ನೀನು "ಹೂಂ, ಆರಾಮದೀನಿ, ತಡಿ, ಇಂಚರಾಗ ಕೊಡ್ತೀನಿ" ಅಂತ ದಾಟಿಸಿಬಿಡುತ್ತೀಯ. ಕಾಗದವನ್ನು ಹಾಗೆ ಮಗಳ ಕೈಗೆ ಕೊಟ್ಟು ಪಾರಾಗಲು ಆಗುವುದಿಲ್ಲ, ಅವಳಿಗೆ ಕನ್ನಡ ಓದಲು ಬರುವುದಿಲ್ಲವಲ್ಲ.

ಮೊದಲು ವೆನಿಸ್ ಸುದ್ದಿ. ಊರು ಚೆಂದವಿದೆ, ಸುಳ್ಳು ಹೇಳಬಾರದು. ರಸ್ತೆಯೇ ಇಲ್ಲ, ಬಸ್ಸೂ ನೀರಿನ ಮೇಲೆ, ಆಂಬುಲೆನ್ಸೂ ನೀರಿನ ಮೇಲೆ, ಕಸ ಒಯ್ಯುವವನೂ ದೋಣಿಯಲ್ಲೇ ಬರುತ್ತಾನೆ. ನಿನ್ನ ಭಾವಮೈದುನ ಸುಧನ್ವರಿಗೆ ಮಾತ್ರ ಮೈಸೂರಿನವರ ಸಮಾಧಾನ. "ನಮ್ಮ ಬಾಲ್ಕನಿಯಿಂದ ನೋಡಿದ್ರೂ ನೀರೇ ಕಾಣತ್ತೆ, ದೋಣೀನೂ ಇದೆ. ಇದಕ್ಕೆ ಇಷ್ಟು ದೂರ ಬರಬೇಕಿತ್ತಾ?" ಅಂದರು. ಗಲ್ಲಿಗಳಲ್ಲಿ ನಾವು ದಾರಿ ತಪ್ಪಿದ್ದಕ್ಕೆ ಲೆಕ್ಕವಿಲ್ಲ. ಮ್ಯಾಪ್ ಹಿಡಿದು ನೆಟ್ಟಗೆ ನಡೆದರೆ ಕೊನೆಗೆ ನೀರಿನ ಮುಂದೆ ತಂದು ನಿಲ್ಲಿಸುತ್ತದೆ. ಈ ಮನೆಯಿಂದ ಆ ಮನೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಕೆಳಗೆ ಇಬ್ಬರು ಹೆಂಗಸರು ಕುರ್ಚಿ ಹಾಕಿಕೊಂಡು ಹೋಗಿಬರುವವರನ್ನೆಲ್ಲ ನೋಡುತ್ತ ಮಾತಾಡುತ್ತಿದ್ದರು. ಭಾಷೆ ತಿಳಿಯದಿದ್ದರೂ ಯಾರದೋ ಸೊಸೆಯ ಸುದ್ದಿ ಅಂತ ಗೊತ್ತಾಯಿತು.

ಗೊಂಡೊಲಾ ಅನ್ನುವ ಕಪ್ಪು ದೋಣಿಯಲ್ಲೂ ಕೂತೆವು. ದೋಣಿ ನಡೆಸುವವನು ನಮ್ಮಿಬ್ಬರನ್ನು ಒತ್ತಿ ಕೂರಿಸಿ ಫೋಟೊ ತೆಗೆದ. ಕಳಿಸುತ್ತೇನೆ, ನೋಡು. ನಾನು ನಗುತ್ತಿದ್ದೇನೆ, ಸುಧನ್ವ ಮುಳುಗಿಹೋಗುವವರ ಹಾಗೆ ಹಲಗೆ ಹಿಡಿದು ಕೂತಿದ್ದಾರೆ. ವೈನಿ ಇದ್ದಿದ್ದರೆ ಈ ಫೋಟೊ ನೋಡಿ ವರ್ಷವಿಡೀ ಅವರನ್ನು ಕಾಡುತ್ತಿದ್ದಳು. ನಿನ್ನನ್ನೂ ಇಂಚರಾಳನ್ನೂ ಬಿಟ್ಟು ಕೃಪಾ ವೈನಿ ಹೋಗಿ ಒಂದೂವರೆ ವರ್ಷವಾಗುತ್ತ ಬಂದರೂ, ಯಾವುದಾದರೂ ತಮಾಷೆ ಕಂಡರೆ ಇವತ್ತಿಗೂ ಕೈ ತಾನಾಗಿ ಅವಳಿಗೆ ಫೋನ್ ಹಚ್ಚಲು ಹೋಗುತ್ತದೆ.

ಅಣ್ಣಾ, ಇಷ್ಟು ಬರೆದ ಮೇಲೆ ಸುತ್ತಿಬಳಸುವುದು ಬೇಡ. ಈ ವರ್ಷ ನೀನು ಪಂಚಮಿಗೆ ನನ್ನನ್ನು ಕರೆಯಲು ಬರಲಿಲ್ಲ. ಹೋದ ವರ್ಷ ವೈನಿಯ ದುಃಖದಲ್ಲಿ ಮನೆಯಲ್ಲಿ ಹಬ್ಬವೇ ಇರಲಿಲ್ಲ, ನಾನೂ ಕಾಯಲಿಲ್ಲ. ಈ ವರ್ಷ ಕಾದೆ.

ನಾನು ಮದುವೆಯಾಗಿ ಮೆಲ್ಬರ್ನ್‌ಗೆ ಬಂದ ಮೊದಲ ಪಂಚಮಿ ನೆನಪಿದೆಯಾ? ನೀನು ಸಿಡ್ನಿಯ ನಾರ್ವೆಸ್ಟ್‌ನ ಆಫೀಸಿಗೆ ರಜೆ ಹಾಕಿ, ಬೆಳಗಿನ ವಿಮಾನ ಹತ್ತಿ, ವೈನಿ ಕಟ್ಟಿಕೊಟ್ಟ ಶೇಂಗಾ ಉಂಡಿಯ ಡಬ್ಬಿ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಊಟ ಮಾಡಿ ಸಂಜೆಯ ವಿಮಾನಕ್ಕೆ ನನ್ನನ್ನು ಕರೆದುಕೊಂಡು ಹೋದೆ. "ಅಷ್ಟು ದೂರದಿಂದ ಯಾಕೆ ಬಂದ್ರಿ? ಟಿಕೆಟ್ ಕಳಿಸಿದ್ರೆ ಇವಳೇ ಬರ್ತಿದ್ಲಲ್ಲ" ಅಂದರು ಸುಧನ್ವ. ನೀನು ಕೈ ತೊಳೆಯುತ್ತ, "ಟಿಕೆಟ್ ಕಳಿಸಿದ್ರ ಕರದಂಗ ಆಗಂಗಿಲ್ರೀ. ಹೊಸ್ತಿಲಾ ತುಳೀಬೇಕು" ಅಂದೆ. ಆಮೇಲೆ ಒಂದು ವರ್ಷವೂ ತಪ್ಪಿಸಲಿಲ್ಲ. ಪೆಂಡಲ್ ಹಿಲ್‌ನ ನಿನ್ನ ಹಿತ್ತಲಲ್ಲಿ ಗಮ್ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದೆ. ಪಕ್ಕದ ಮನೆಯ ಮಲ್ಲವ್ವ ಆಂಟಿ ಸೀರೆ ಸೆರಗು ಸಿಕ್ಕಿಸಿಕೊಂಡು ಎಲ್ಲರಿಗಿಂತ ಮೇಲೆ ಜೀಕುತ್ತಿದ್ದರು. ಹೊರಡುವ ದಿನ ವೈನಿ ಅಕ್ಕಿ, ಕೊಬ್ಬರಿ, ಕುಬಸದ ಖಣ ಇಟ್ಟು ನನ್ನ ಉಡಿ ತುಂಬುತ್ತಿದ್ದಳು. ಆ ಭಾರ ಹೊತ್ತುಕೊಂಡು ವಿಮಾನ ಹತ್ತಿದರೆ ಮತ್ತೊಂದು ಪಂಚಮಿಯವರೆಗೆ ನನಗೆ ಸಾಕಾಗುತ್ತಿತ್ತು.

ಈಗ ಪಂಚಮಿಯ ದಿನ ವೆನಿಸ್‌ನಲ್ಲಿ ನಡೆದದ್ದನ್ನು ಕೇಳು. ಬೆಳಿಗ್ಗೆ ನಾನು ಸ್ನಾನ ಮಾಡಿ ತಲೆ ಬಾಚಿಕೊಳ್ಳುತ್ತಿದ್ದೆ. ಸುಧನ್ವ ಕಾಫಿ ತರುತ್ತೇನೆಂದು ಹೊರಗೆ ಹೋದವರು ಬಾಗಿಲು ಬಡಿದರು. ತೆಗೆದರೆ ಹೆಗಲಿಗೆ ಟವೆಲ್ ಹಾಕಿಕೊಂಡು, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ ಹಿಡಿದು, ನಿನ್ನ ಹಾಗೆ ಗಂಟಲು ದಪ್ಪ ಮಾಡಿ ನಿಂತಿದ್ದಾರೆ. "ನಡೀಯವ್ವಾ ತಂಗಿ, ಹಬ್ಬಕ್ಕ ಕರೀಲಿಕ್ಕೆ ಬಂದೀನಿ" ಅಂದರು.

ಕಟ್ಟಿಕೊಂಡ ಗಂಡ ತಂಗಿ ಅಂದರೆ ಏನು ಮಾಡಲಿ ಹೇಳು. ಹೊಟ್ಟೆ ಹಿಡಿದುಕೊಂಡು ನಕ್ಕೆ. "ನಿಮ್ಮ ಮೈಸೂರಾಗ ಹೆಂಡ್ತಿಗೆ ತಂಗಿ ಅಂತಾರೇನ್ರಿ?" ಅಂದೆ. ನಗುತ್ತ ನಗುತ್ತಲೇ ಎಲ್ಲಿತ್ತೋ ಅಳು ಬಂತು. ಹಾಸಿಗೆಯ ಮೇಲೆ ಕೂತು ಅತ್ತುಬಿಟ್ಟೆ. ಪಾಪ, ಅವರು ಡಬ್ಬಿ ಹಿಡಿದು ನಿಂತೇ ಇದ್ದರು. "ತಪ್ಪಾಯ್ತು ಕಣೇ, ನಗ್ತೀಯ ಅಂತ ಮಾಡ್ದೆ" ಅಂದರು. ಡಬ್ಬಿ ಕೆಳಗಿಟ್ಟು ನನ್ನ ಪಕ್ಕ ಕೂತು, "ಹೇಳ್ಬೇಡಿ ಅಂದಿದ್ರು, ಆದ್ರೂ ಹೇಳ್ತೀನಿ. ನಿಮ್ಮಣ್ಣ ನಂಗೆ ಫೋನ್ ಮಾಡಿದ್ರು" ಅಂದರು.

ನೀನು ಆಡಿದ ಮಾತನ್ನು ಅವರ ಬಾಯಲ್ಲಿ ಕೇಳಿದೆ. "ಕರಕೊಂಡು ಬಂದು ಏನ್ ಮಾಡ್ಲಿ? ಉಡಿ ತುಂಬಾಕಿನ ಇಲ್ಲ. ಮನೀ ಮಗಳನ್ನ ಖಾಲಿ ಉಡೀಲೆ ಹೆಂಗ ಕಳಸ್ಲಿ?" ಅಂದೆಯಂತೆ.

ಅಣ್ಣಾ, ನನಗೆ ನಿನ್ನ ಮೇಲೆ ಸಿಟ್ಟೂ ಬಂತು, ನಿನ್ನನ್ನು ನೋಡಬೇಕೆಂದು ಜೀವವೂ ಹಾತೊರೆಯಿತು. ಇಷ್ಟು ದಿನ ನೀನು ನನ್ನನ್ನು ಮರೆತೆ ಅಂದುಕೊಂಡಿದ್ದೆ. ನೀನು ನಾಚಿಕೊಂಡು ಕೂತಿದ್ದೀಯ ಅಂತ ಗೊತ್ತಿರಲಿಲ್ಲ. ಉಡಿ ತುಂಬಲು ಮುತ್ತೈದೆಯೇ ಆಗಬೇಕೆಂದು ಹಿರಿಯರು ಹೇಳಿರಬಹುದು. ಅವರು ಹೇಳಿದ್ದನ್ನೆಲ್ಲ ನಾವು ಪಾಲಿಸಿದ್ದರೆ ಸಮುದ್ರ ದಾಟಿ ಇಲ್ಲಿಗೆ ಬರುತ್ತಲೇ ಇರಲಿಲ್ಲ. ನೀನೇ ತುಂಬು. ಅಳತೆ ತಪ್ಪಲಿ, ಅಕ್ಕಿ ಚೆಲ್ಲಲಿ, ಖಣದ ಬಣ್ಣ ನನಗೆ ಒಪ್ಪದಿದ್ದರೂ ಚಿಂತೆಯಿಲ್ಲ.

ಆ ದಿನ ಹಬ್ಬ ಬಿಡಲಿಲ್ಲ. ಹೋಟೆಲಿನ ತಿಂಡಿಯ ಮೇಜಿನಿಂದ ಲೋಟದಲ್ಲಿ ಹಾಲು ತಂದೆ. ಹುತ್ತ ಎಲ್ಲಿ ಹುಡುಕಲಿ? ಒಂದು ಸಣ್ಣ ಚೌಕದಲ್ಲಿ ಮರವಿತ್ತು, ಅದರ ಬುಡಕ್ಕೆ ಎರೆದೆ. ಕಿಟಕಿಯಿಂದ ಮುದುಕಿಯೊಬ್ಬಳು ನೋಡುತ್ತಿದ್ದಳು, ಪಾಪ, ಗಿಡ ಸಾಕುವವರು ಅಂದುಕೊಂಡಿರಬೇಕು. ಅವ್ವ ಕಲಿಸಿದಂತೆ ದೇವರ ಪಾಲು, ಗುರುವಿನ ಪಾಲು, ಅಣ್ಣನ ಪಾಲು ಅನ್ನುತ್ತ ಬಂದೆ. ನಿನ್ನ ಬೆನ್ನಿಗೇ ಬಾಯಿ ರೂಢಿಯಂತೆ ವೈನಿಯ ಪಾಲು ಅಂದುಬಿಟ್ಟಿತು. ಹಾಲು ಹಿಂದಕ್ಕೆ ತೆಗೆಯಲಿಲ್ಲ, ಎರೆದೆ. ಆಮೇಲೆ ಇಂಚರಾಳ ಪಾಲು ಎರೆದು ಲೋಟ ಬರಿದು ಮಾಡಿದೆ.

ಇಂಚರಾಳಿಗೆ ನನ್ನ ಮುತ್ತು ಕೊಡು. ಅವಳು ಎತ್ತರವಾಗಲಿ, ವೈನಿಯ ಹಾಗೆ ದೊಡ್ಡದಾಗಿ ನಗುವುದನ್ನು ಕಲಿಯಲಿ. ನಿನ್ನ ಬಿಪಿ ಮಾತ್ರೆ ತಪ್ಪಿಸಬೇಡ, ರಾತ್ರಿ ಮೊಸರನ್ನ ಉಂಡು ಮಲಗುವುದು ಸಾಕು ಮಾಡು. ಶಿವ ನಿನ್ನನ್ನು ಗಟ್ಟಿಯಾಗಿ ಇಟ್ಟಿರಲಿ. ತಂಗಿಯ ಹರಕೆ ಅಣ್ಣನಿಗೆ ಮುಟ್ಟುತ್ತದೆ ಅನ್ನುತ್ತಿದ್ದಳು ಅವ್ವ.

ನಿನ್ನ ತಂಗಿ
ಮಾಧುರಿ

ತಾ.ಕ.: ವೆನಿಸ್ ನೋಡಬೇಕೆಂದು ನಾನು ಹೋಗಲಿಲ್ಲ. ಪಂಚಮಿ ಹತ್ತಿರ ಬಂದರೂ ನಿನ್ನ ಸುಳಿವಿರಲಿಲ್ಲ. ಇಲ್ಲಿ ಹುಬ್ಬಳ್ಳಿ ಕಡೆಯವರೆಲ್ಲ, "ಹಬ್ಬಕ್ಕ ಸಿಡ್ನಿಗೆ ಹೋಗೂದಿಲ್ಲೇನವಾ?" ಅಂತ ಕೇಳತೊಡಗಿದರು. "ಯುರೋಪ್ ಟ್ರಿಪ್ ಅದ" ಅಂದುಬಿಟ್ಟೆ. ಅಂದ ಮೇಲೆ ಅವಸರದಲ್ಲಿ ಬುಕ್ ಮಾಡಿದೆ. ಹಬ್ಬದ ದಿನ ಮನೆಯಲ್ಲಿದ್ದರೆ ಬಾಗಿಲ ಕಡೆ ನೋಡುತ್ತ ಕೂರಬೇಕಲ್ಲ, ಅದು ನನ್ನಿಂದ ಆಗುತ್ತಿರಲಿಲ್ಲ. ವೈನಿ ಹೋದಾಗ ನಿನ್ನ ಹೆಂಡತಿ ಹೋದಳೆಂದು ಎಲ್ಲರೂ ನಿನ್ನನ್ನು ಸಮಾಧಾನ ಮಾಡಿದರು, ಇಂಚರಾಳ ತಾಯಿ ಹೋದಳೆಂದು ಅವಳನ್ನು ಅಪ್ಪಿಕೊಂಡರು. ನನ್ನ ತವರೂ ಅದೇ ದಿನ ಹೋಯಿತೇನು ಅಂತ ನಾನು ಯಾರನ್ನೂ ಕೇಳಲಿಲ್ಲ. ಈಗ ನಿನ್ನನ್ನು ಕೇಳುತ್ತಿದ್ದೇನೆ. ಫೋನಿನಲ್ಲಿ ಹೇಳಬೇಡ, ಬಂದು ಹೇಳು.