ಉಪ್ಪು ನಾನೇ ಹಾಕಿದ್ದೀನಿ

ಅಪ್ಪಾ,

ಒಲೆ ಮೇಲೆ ನಿನ್ನ ಇಟಾಲಿಯನ್ ಕೋಳಿ ಇದೆ. ಟೊಮೆಟೊ, ಆಲಿವ್ ಎಲ್ಲ ಹಾಕಿ ಆಗಿದೆ. ಸಣ್ಣ ಉರಿಯಲ್ಲೇ ಬೇಯಲಿ, ಆರು ಗಂಟೆಗೆ ಆರಿಸು.

ಉಪ್ಪು ನಾನೇ ಹಾಕಿದ್ದೀನಿ. ಇನ್ನು ಒಂದು ಹರಳೂ ಹಾಕಬೇಡ. ಮೂವತ್ತು ವರ್ಷ ಹೋಟೆಲಲ್ಲಿ ಸೌಟು ಹಿಡಿದವನಿಗೇ ಪಾಠ ಹೇಳ್ತೀಯಾ ಅಂತ ರೇಗಬೇಡ. ಆ ಜ್ವರ ಬಂದಮೇಲೆ ನಿನ್ನ ನಾಲಿಗೆಗೆ ರುಚಿ ಗೊತ್ತಾಗ್ತಿಲ್ಲ ಅಂತ ನನಗೆ ತಿಳಿದಿದೆ. ನಿನ್ನೆ ಮಾಡಿದ್ದು ಬಾಯಿಗಿಡೋ ಹಾಗಿರಲಿಲ್ಲ, ಬರೀ ಉಪ್ಪು. ನೀನು ಚಪ್ಪರಿಸಿ "ಹದವಾಗಿದೆ" ಅಂದೆ.

ಏಳಕ್ಕೆ ಹೊಸ ಹೋಟೆಲಿನ ಯಜಮಾನರು ನಿನ್ನ ಕೈರುಚಿ ನೋಡೋಕೆ ಬರ್ತಾರೆ. ಇವತ್ತೇನೋ ನಾನಿದ್ದೀನಿ. ಕೆಲಸ ಸಿಕ್ಕಮೇಲೆ ಅಲ್ಲಿ ಯಾರಪ್ಪಾ ಉಪ್ಪು ನೋಡ್ತಾರೆ?

ಅಮ್ಮನ ಹತ್ತಿರ ನಾನು ಬಾಯಿ ಬಿಟ್ಟಿಲ್ಲ. ಆದರೆ ನಿನ್ನೆ ಅವಳು ಎರಡು ಸಲ ಬಡಿಸಿಕೊಂಡು ತಿಂದಳು. ಆಮೇಲೆ ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ಕುಡಿದಳು.